ಕೊಳೆಬಟ್ಟೆ ಗಾಡಿ

"ಬಿಟ್ಟಿ ಸಿಕ್ಕಿದ್ರೆ ವಿಷಾನೂ ನೆಕ್ಕೋ ಜನ! ಕೈ ತೆಗಿ ಮುದುಕಿ. ಸ್ಟಾಕ್ ಇಲ್ಲ ಅಂದ್ನಲ್ಲ!"

ಆಸ್ಪತ್ರೆಯ ಔಷಧಿ ಕಿಟಕಿಯೊಳಗೆ ಕೂತವನು ಚೀಟಿಯನ್ನು ಬೆರಳ ತುದಿಯಿಂದ ಹೊರಕ್ಕೆ ತಳ್ಳಿದ. ಬಡವರಿಗೆ ಪುಕ್ಕಟೆ ಔಷಧಿ ಕೊಡಲೆಂದೇ ಇದ್ದ ಕಿಟಕಿ ಅದು. ಅವನಿಗೆ ಹೆತ್ತವರು ಏನು ಹೆಸರಿಟ್ಟಿದ್ದರೋ, ಸಾಲಿನವರು ಇಟ್ಟದ್ದು 'ನಾಳೆಬಾ'.

ಮುದುಕಿ ಕಿಟಕಿಯ ಸರಳು ಬಿಡಲಿಲ್ಲ. ಹರೆಯವನ್ನೆಲ್ಲ ಹತ್ತಿ ಮಿಲ್ಲಿನ ಧೂಳಿಗೆ ಕೊಟ್ಟ ಎದೆ, ತೂತುಬಿದ್ದ ತಿದಿಯಂತೆ ಸಿಳ್ಳೆ ಹಾಕುತ್ತಿತ್ತು. ಉಸಿರಿಗೆ ಬರವಿದ್ದರೂ ಬಾಯಿಗೆ ಬರವಿರಲಿಲ್ಲ.

"ಹೋದ್ ಸಲಾನೂ... ಇಲ್ಲ ಅಂದೆ. ಅದರ ಹಿಂದಿನ್ ಸಲಾನೂ ಇಲ್ಲ. ನಿನ್ ಹತ್ರ ಇರೋದಾದ್ರೂ... ಏನೋ ಬೋಳಿಮಗನೆ? ಮೀಸೆ ಒಂದೇನಾ?"

ಸಾಲು ಕಿಸಕ್ಕೆಂದಿತು.

"ದಮ್ಮಿಲ್ದೋಳ ದಿಮಾಕು ನೋಡು! ಉಬ್ಬಸದ ಪಂಪು ಬೇಕಾದ್ರೆ ಎದುರಿನ ಅಂಗಡೀಲಿ ತಗೊ. ಇಲ್ಲಾ ಬಾಯ್ಮುಚ್ಕೊಂಡು ಸಾಯಿ."

ಎದುರಿನ ಅಂಗಡಿ ಅವನ ಭಾವಮೈದುನನದು. ಈ ಸಂಗತಿ ಗೊತ್ತಿಲ್ಲದವರು ಆಸ್ಪತ್ರೆಯ ದೊಡ್ಡ ಡಾಕ್ಟರು ಒಬ್ಬರೇ.

ಸೊಸೆ ಓಡಿಬಂದು ಅತ್ತೆಯ ರಟ್ಟೆ ಹಿಡಿದಳು. ಅದೇ ಆಸ್ಪತ್ರೆಯ ವಾರ್ಡುಗಳ ಕೊಳೆಬಟ್ಟೆ ಹೊತ್ತು ಒಗೆಯುವ ಗುತ್ತಿಗೆ ಕೂಲಿ ಅವಳು.

"ಅಣ್ಣಾ, ಒಂದೇ ಒಂದು ಪಂಪು ಇದ್ರೆ ನೋಡಣ್ಣ. ಮಲಗಿದ್ರೆ ಉಸಿರು ಕಟ್ಟತ್ತೆ, ಗೋಡೆಗೊರಗಿ ಕೂತೇ ಇರ್ತಾರೆ."

ನಾಳೆಬಾ ಮೂಗು ಮುಚ್ಚಿಕೊಂಡ. "ಹತ್ರ ಬರಬೇಡ, ಹೇಲುಚ್ಚೆ ನಾತ. ಸ್ಟೋರ್ ಹಿಂದೆ ಬಟ್ಟೆ ಗಾಡಿ ನಿಂತಿದೆ, ಹಿಂದಿನ ಗೇಟಾಚೆ ಬಿಟ್ಟು ಬಾ. ಮೊದ್ಲು ಆ ಕೆಲಸ ನೋಡು."

ಅತ್ತೆಯನ್ನು ಪಡಸಾಲೆಯ ಕಂಬಕ್ಕೆ ಒರಗಿಸಿ ಅವಳು ಹೋದಳು. ಇಂಥ ಗಾಡಿಗಳನ್ನು ಹಿಂದೆಯೂ ಬಿಟ್ಟು ಬಂದಿದ್ದಳು. ಬೇರೆ ಯಾರೋ ಒಗೆಯಲು ಒಯ್ಯುತ್ತಾರೆ ಎಂದಿದ್ದರು. ತನ್ನ ಕೈಗೆ ಅಷ್ಟು ಕೆಲಸ ಕಡಿಮೆಯಾದರೆ ಯಾಕೆ ಬೇಡ ಎನ್ನಲಿ ಎಂದು ಅವಳೂ ಕೇಳಿರಲಿಲ್ಲ.

ಇಂದು ಚಕ್ರ ಮೋರಿಯ ಕಂಬಿಗೆ ಸಿಕ್ಕಿಕೊಂಡಿತು. ಹೆಗಲು ಕೊಟ್ಟು ನೂಕಿದರೂ ಅಲುಗಲಿಲ್ಲ. ಉಚ್ಚೆಗೆ ಇಷ್ಟು ತೂಕವೇ ಎಂದುಕೊಂಡು ರಕ್ತ ಕೀವು ಅಂಟಿದ ದುಪ್ಪಟಿಗಳನ್ನು ಎತ್ತಿದಳು. ಅಡಿಯಲ್ಲಿ ಒತ್ತೊತ್ತಾಗಿ ರಟ್ಟಿನ ಪೆಟ್ಟಿಗೆಗಳು. ಒಂದನ್ನು ಹರಿದಳು. ಉಬ್ಬಸದ ಪಂಪುಗಳು! ಇನ್ನೊಂದರಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ. ಎಲ್ಲದರ ಮೇಲೂ 'ಮಾರಾಟಕ್ಕಲ್ಲ' ಎಂಬ ಕೆಂಪು ಮುದ್ರೆ.

ರೋಗಿಯ ಹೇಲುಬಟ್ಟೆಯೊಳಗೆ ಯಾವನು ಕೈ ಹಾಕಿ ನೋಡುತ್ತಾನೆ? ಗೇಟಿನ ಕಾವಲುಗಾರ ಅವಳನ್ನು ಕಂಡರೆ ಮೂಗು ಹಿಡಿದುಕೊಂಡೇ ಬಾಗಿಲು ತೆರೆಯುತ್ತಿದ್ದ. ಅತ್ತೆಯ ಉಸಿರನ್ನು ಸೊಸೆಯ ಕೈಯಲ್ಲೇ ಹೊರಗೆ ಸಾಗಿಸಿದ್ದರು, ಮುಂಡೇಮಕ್ಕಳು.

ಅವಳು ಗಾಡಿಯನ್ನು ಹಿಂದಕ್ಕೆಳೆದು ಚಕ್ರ ಬಿಡಿಸಿ, ಆಸ್ಪತ್ರೆಯ ಮುಂಭಾಗಕ್ಕೆ ತಿರುಗಿಸಿದಳು.

"ದಾರಿ ಬಿಡ್ರೋ! ಸ್ಟಾಕ್ ಬಂತು!"

ನರ್ಸುಗಳು ಗೋಡೆಗಂಟಿದರು. ಕಿಟಕಿಯ ಮುಂದೆ ಗಾಡಿ ಮಗುಚಿತು. ದುಪ್ಪಟಿಗಳ ಜೊತೆ ಪೆಟ್ಟಿಗೆಗಳೂ ಉರುಳಿದವು. ಅವಳು ಒಂದು ಪಂಪು ತೆಗೆದು ಅತ್ತೆಯ ಬಾಯಿಗಿಟ್ಟಳು. ಮುದುಕಿ ಎಳೆದುಕೊಂಡಳು, ತಡೆದು ಇನ್ನೊಮ್ಮೆ ಎಳೆದುಕೊಂಡಳು. ಎದೆಯ ಸಿಳ್ಳೆ ಇಳಿಯತೊಡಗಿತು.

ನಾಳೆಬಾ ಕಿಟಕಿ ಮುಚ್ಚಹೋದ. ಸಾಲಿನ ಮುಂದಿದ್ದ ಗಾರೆ ಕೆಲಸದವನೊಬ್ಬ ಸಂದಿಗೆ ಮೊಣಕೈ ಕೊಟ್ಟ.

ಗದ್ದಲ ಕೇಳಿ ದೊಡ್ಡ ಡಾಕ್ಟರು ಬಂದರು. ನಾಳೆಬಾ ಒಳಗಿಂದಲೇ ಕೂಗಿದ: "ಸಾರ್, ಕಳ್ಳಿ! ಸ್ಟೋರಿನ ಮಾಲು ಕದ್ದಿದ್ದಾಳೆ!"

"ಹೌದು ಸಾರ್, ಕದ್ದಿದ್ದೀನಿ," ಎಂದಳು ಸೊಸೆ. "ಕದ್ದ ಮಾಲನ್ನ ಅದೇ ಕಿಟಕಿ ಮುಂದೆ ತಂದು ಸುರಿಯೋ ಕಳ್ಳೀನ ಎಲ್ಲಾದ್ರೂ ನೋಡಿದ್ದೀರಾ?"

ಡಾಕ್ಟರು ಕನ್ನಡಕ ಒರೆಸಿಕೊಂಡರು. "ಆಯ್ತು, ವಿಚಾರಣೆ ಮಾಡೋಣ. ಎಲ್ಲಾ ಒಳಗಿಡಿ. ನಾಳೆ..."

ಆ ಮಾತಿಗೆ ಸಾಲು ಭುಗಿಲೆಂದಿತು. "ನಾಳೆ ನಿಮ್ಮಜ್ಜಿ ತಿಥಿ! ಈಗ ಕೊಡ್ಸಿ!" ಎಂದಳೊಬ್ಬಳು. ಕಿಟಕಿಯೊಳಕ್ಕೆ ಚೀಟಿಗಳು ನುಗ್ಗಿದವು. ಪೆಟ್ಟಿಗೆಗಳನ್ನೂ ಜನರೇ ಎತ್ತಿ ಒಳಗೆ ಕೊಟ್ಟರು. ನಾಳೆಬಾ ಚೀಟಿ ಓದಿ ಓದಿ ಮಾತ್ರೆ ಎಣಿಸಿ ಕೊಡತೊಡಗಿದ.

ಡಾಕ್ಟರು ಕಳ್ಳಿ ಸಿಕ್ಕಿದ್ದಾಳೆ ಎಂದು ಪೊಲೀಸರಿಗೆ ಫೋನ್ ಮಾಡಿ ಅವಳತ್ತ ತಿರುಗಿದರು. "ನೀನು ಇನ್ನು ಕೆಲಸಕ್ಕೆ ಬರೋದು ಬೇಡ."

ಮನೆಯಲ್ಲಿ ದುಡಿಯುವ ಕೈ ಅವಳದೊಂದೇ. ಆದರೂ ಕಾಲಡಿಯ ದುಪ್ಪಟಿಯೊಂದನ್ನು ಎತ್ತಿ ಅವರ ಬಿಳಿಕೋಟಿನ ತೋಳಿಗೆ ನೇತುಹಾಕಿದಳು.

"ಸರಿ ಸಾರ್. ಇದನ್ನ ನೀವೇ ಒಗ್ಕೊಳ್ಳಿ. ಕೀವಿನ ಕಲೆ, ಚೆನ್ನಾಗಿ ಉಜ್ಜಬೇಕು."

ಜೀಪು ಬಂತು. ಪೊಲೀಸಿನವನು ಲಾಠಿ ನೆಲಕ್ಕೆ ಕುಟ್ಟುತ್ತಾ ನುಗ್ಗಿದ. "ಯಾರೇ ಅವಳು ಕಳ್ಳಿ? ಜರುಗ್ರೋ!"

ಒಬ್ಬರೂ ಜರುಗಲಿಲ್ಲ. ಸೊಸೆಯ ಮುಂದೆ ಸಾಲು ಇನ್ನಷ್ಟು ಒತ್ತಾಯಿತು. ಮುದುಕಿ ಪಂಪನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಂಬ ಹಿಡಿದು ಎದ್ದಳು. ಅವನ ಲಾಠಿಯ ತುದಿ ಹಿಡಿದು ಪಕ್ಕಕ್ಕೆ ಸರಿಸಿದಳು.

"ಸಾಲೈತೆ ಕಣಪ್ಪ. ಹೋಗು, ಹಿಂದೆ ನಿಂತ್ಕೊ."