ವಸುಂಧರತ್ತೆಯ ಹಣೆ

ಹಾರ ಹಾಕಿ ಇಡಲು ಸತ್ತವರದೊಂದು ಗಂಭೀರವಾದ ಫೋಟೋ ಬೇಕು. ನನ್ನ ಗಂಡನ ಸೋದರತ್ತೆ ವಸುಂಧರಮ್ಮ ಈ ವಿಷಯದಲ್ಲಿ ಯಾರಿಗೂ ಸಹಕರಿಸಿದವರಲ್ಲ.

ಈ ತಿಂಗಳ ಮೊದಲಲ್ಲಿ, ಮೈಸೂರಿನಲ್ಲಿ, ಮಜ್ಜಿಗೆಗೆ ಉಪ್ಪು ಸಾಲದು ಎಂದು ಸೊಸೆಗೆ ಹೇಳಿ ಮಲಗಿದವರು ಮತ್ತೆ ಏಳಲಿಲ್ಲ. ಕಾರ್ಯಗಳ ನಡುವೆ ಅವರ ಮಗ ಗೋಪಾಲಕೃಷ್ಣ ಭಾವ ಐರ್ಲೆಂಡಿನ ಲೂಕನ್ನಿನ ನಮ್ಮ ಮನೆಗೆ ಫೋನ್ ಮಾಡಿದರು.

“ಶ್ರೀಲಕ್ಷ್ಮೀ, ನಾಡಿದ್ದು ವೈಕುಂಠ ಸಮಾರಾಧನೆ. ಅಮ್ಮಂದು ಲಕ್ಷಣವಾಗಿರೋ ಫೋಟೋ ಒಂದು ಕಳಿಸಮ್ಮ. ನಮ್ಮತ್ರ ಇರೋದು ಆಧಾರ್ ಕಾರ್ಡಿಂದು ಒಂದೇ.”

ಅದನ್ನು ನಾನು ನೋಡಿದ್ದೆ. ಅದರಲ್ಲಿ ಅತ್ತೆ ಸರ ಕದ್ದು ಸಿಕ್ಕಿಬಿದ್ದವರ ಹಾಗಿದ್ದಾರೆ. ಅದನ್ನೇ ದೊಡ್ಡದು ಮಾಡಿ ಗೋಡೆಗೆ ಹಾಕಿದರೆ ಮುಂದೆ ಹುಟ್ಟುವ ಮಕ್ಕಳೆಲ್ಲ ನಮ್ಮಜ್ಜಿ ಹೀಗೇ ಇದ್ದರು ಎಂದು ನಂಬಿಬಿಡುತ್ತವೆ. ಅದು ನನಗೆ ಒಪ್ಪಿಗೆಯಿರಲಿಲ್ಲ. ಆಲ್ಬಮ್ ತೆಗೆದೆ.

ಅತ್ತೆ ಐರ್ಲೆಂಡಿಗೆ ಮೊದಲು ಬಂದದ್ದು ನನ್ನ ಬಾಣಂತನಕ್ಕೆ. ಆಮೇಲೆ ಯಾವ ನೆಪವೂ ಇಲ್ಲದೆ ಬಂದರು. ಗಂಡ ಆಫೀಸಿಗೆ ಹೋದರೆ ನಾನು ಕಾರು ತೆಗೆಯುತ್ತಿದ್ದೆ, ಅವರು ಮುಂದಿನ ಸೀಟಿನಲ್ಲಿ ಕೋಡುಬಳೆ ಡಬ್ಬಿ ಹಿಡಿದು ಕೂರುತ್ತಿದ್ದರು.

ಮೊದಲನೇ ಫೋಟೋ ರಿಂಗಾಸ್ಕಿಡಿ ಬಂದರಿನದು. ಹೋಗಿದ್ದು ಹಡಗು ನೋಡಲು. ಹಡಗು ಹಿಂದೆಲ್ಲೋ ಹೆಬ್ಬೆರಳಷ್ಟಿದೆ. ಮುಂದೆ, ರೇಷ್ಮೆ ಸೀರೆಯ ಅತ್ತೆ ಯಾರದೋ ಮೋಟಾರ್ ಸೈಕಲ್ ಮೇಲೆ ಕೂತಿದ್ದಾರೆ. ಅದರ ಮಾಲೀಕ, ಒಬ್ಬ ಗಡ್ಡದ ಮನುಷ್ಯ, ಪಕ್ಕದಲ್ಲಿ ನಿಂತು ಅವರ ವ್ಯಾನಿಟಿ ಬ್ಯಾಗು ಹಿಡಿದುಕೊಂಡಿದ್ದಾನೆ.

ಎರಡನೆಯದು ಬಸ್ಸಿನ ಮಹಡಿ. ಮುಂದಿನ ಗಾಜಿಗೆ ಎರಡೂ ಪಾದ ಒತ್ತಿ, “ಡ್ರೈವರ್ ಕೆಳಗೆ ನಿದ್ದೆ ಮಾಡ್ತಿದಾನೆ ಕಣೇ, ಓಡಿಸ್ತಿರೋದು ನಾನೇ” ಅಂದಿದ್ದರು.

ಮೂರನೆಯದು ಸ್ಲೈಗೋ ಕಡಲತೀರ. ಗಾಳಿಗೆ ಸೆರಗು ಹಾರಿದೆ, ಕೈಯಲ್ಲಿ ಐಸ್ ಕ್ರೀಮ್, ಬಾಯ್ತುಂಬ ನಗು. ಇದೇ ಸರಿ ಅನ್ನಿಸಿತು. ತೊಂದರೆ ಒಂದೇ, ಹಣೆಯಲ್ಲಿ ಕಾಸಗಲದ ಕೆಂಪು ಬೊಟ್ಟು.

ಅತ್ತೆ ಮೂವತ್ತೈದಕ್ಕೇ ಗಂಡನನ್ನು ಕಳೆದುಕೊಂಡವರು. ಮೈಸೂರಿನಲ್ಲಿ ಅವರದು ಬೋಳು ಹಣೆ. ಇಲ್ಲಿ ಒಂದು ದಿನ ಕರಿಬೇವು ತರಲು ಹೋದಾಗ ಅಂಗಡಿಯ ಗಲ್ಲಾಪೆಟ್ಟಿಗೆಯ ಹತ್ತಿರ ನೇತುಹಾಕಿದ್ದ ಬೊಟ್ಟಿನ ಪ್ಯಾಕೆಟ್ಟನ್ನೂ ಬುಟ್ಟಿಗೆ ಹಾಕಿದರು. ನಾನು ಬಾಯಿ ಬಿಟ್ಟು ನೋಡಿದೆ.

“ಏನೇ ಹಾಗೆ ನೋಡ್ತೀಯ? ನಮ್ಮನೆಯವರು ಹೋಗಿದ್ದು ಇಲ್ಲಿ ಯಾರಿಗೆ ಗೊತ್ತು? ನೀನೇನು ಪೇಪರಿಗೆ ಹಾಕ್ಸಿದೀಯಾ?”

ವಾಪಸು ಹೊರಟ ದಿನ ವಿಮಾನ ನಿಲ್ದಾಣದಲ್ಲಿ ಬೊಟ್ಟು ಕಿತ್ತು ನನ್ನ ಕಾರಿನ ಕನ್ನಡಿಗೆ ಅಂಟಿಸಿ, ಸೆರಗು ಸರಿಮಾಡಿಕೊಂಡು ಒಳಗೆ ನಡೆದರು.

ಸ್ಲೈಗೋ ಫೋಟೋ ಭಾವನಿಗೆ ಕಳಿಸಿದೆ. ತಕ್ಷಣ ಫೋನು.

“ಏನಮ್ಮಾ ಇದು! ಅಮ್ಮನ ಹಣೆ ಮೇಲೆ ಕುಂಕುಮ!”

“ಸ್ಟಿಕ್ಕರ್ರು, ಭಾವ.”

“ಯಾವ್ದಾದ್ರೇನು! ಅಪ್ಪ ಹೋಗಿ ಎಷ್ಟು ಕಾಲ ಆಯ್ತು! ಜನ ಏನಂತಾರೆ? ಅಳಿಸಿ, ನೇರ ಸ್ಟುಡಿಯೋದವನಿಗೇ ಕಳ್ಸು, ನಂಬರ್ ಕೊಡ್ತೀನಿ. ಐಸ್ ಕ್ರೀಮೂ ಅಳಿಸು.”

ನನ್ನ ಮಗಳು ನಿಸರ್ಗಾ ಫೋನಿನ ಮೇಲೆ ಬೆರಳು ಉಜ್ಜಿ ಎರಡನ್ನೂ ತೆಗೆದಳು. ತೆಗೆದು, ಮೂಗು ಮುರಿದಳು. “ದಟ್ಸ್ ನಾಟ್ ಹರ್, ಅಮ್ಮಾ. ದಿ ಅದರ್ ವನ್ ವಾಸ್ ಗ್ರ್ಯಾಂಡ್.”

ನೋಡಿದೆ. ಬೊಟ್ಟಿಲ್ಲದ ಹಣೆಯ ಕೆಳಗೆ ಆ ನಗು ಬಾಡಿಗೆಗೆ ತಂದದ್ದರ ಹಾಗಿತ್ತು. ಜಗಳ ಆಡಿದರೆ ಭಾವ ಆಧಾರ್ ಫೋಟೋಗೇ ಹೋಗುತ್ತಾರೆ. ಎಲ್ಲ ಉಳಿಸಿಕೊಳ್ಳಲು ಹೋದರೆ ಎಲ್ಲವೂ ಹೋಗುತ್ತದೆ. ಐಸ್ ಕ್ರೀಮ್ ಬಿಟ್ಟುಕೊಟ್ಟೆ, ಬೊಟ್ಟು ವಾಪಸು ಹಾಕಿಸಿ ಉಳಿಸಿಕೊಂಡೆ. ಸ್ಟುಡಿಯೋದವನಿಗೆ ಕಳಿಸಿ, ಚೌಕಟ್ಟನ್ನು ಸಮಾರಾಧನೆಯ ಬೆಳಿಗ್ಗೆ ಛತ್ರಕ್ಕೇ ತಲುಪಿಸಲು ಹೇಳಿದೆ. ಆಗ ಬದಲಾಯಿಸಲು ಯಾರಿಗೂ ಪುರುಸೊತ್ತಿರುವುದಿಲ್ಲ.

ಸಮಾರಾಧನೆಯ ದಿನ ಸಂಜೆ ಭಾವನ ಫೋನ್ ಬಂತು.

“ನೀನು ಮಾಡಿದ್ದು ಸರಿನಾ?”

“ಏನಾಯ್ತು ಭಾವ?”

“ಏನಾಯ್ತಾ! ಐಸ್ ಕ್ರೀಮ್ ತೆಗೆದ್ಯಲ್ಲ, ಖಾಲಿ ಕೈ ಎತ್ಕೊಂಡು ಆಶೀರ್ವಾದ ಮಾಡೋ ಹಂಗೆ ಕೂತಿದಾಳೆ ಅಮ್ಮ. ಪುರೋಹಿತರು ಹೊಸಬರು. ‘ಮುತ್ತೈದೆ ಸಾವು, ಪುಣ್ಯವಂತೆ’ ಅಂತ ಗಟ್ಟಿಯಾಗಿ ಅಂದುಬಿಟ್ರು. ನನ್ನ ಹೆಂಡ್ತಿ ಕಡೆ ಹೆಂಗಸರಿಗೇನು ಗೊತ್ತು? ಸಾಲಾಗಿ ಬಂದು ಫೋಟೋ ಮುಟ್ಟಿ ತಾಳಿಗೆ ಒತ್ಕೊಂಡ್ರು. ನಮ್ಮ ಚಿಕ್ಕಮ್ಮಂದಿರು ಗೊತ್ತಿದ್ದೂ ಬಾಯಿ ಬಿಡ್ಲಿಲ್ಲ, ಅವರೂ ಸಾಲಲ್ಲಿ ನಿಂತ್ರು!”

ನಾನು ತುಟಿ ಕಚ್ಚಿ ನಗು ತಡೆದೆ. “ತುಂಬಾ ಸಿಟ್ಟು ಬಂತಾ?”

“ಬಂತು. ಎಲ್ರೂ ಊಟಕ್ಕೆ ಎದ್ಮೇಲೆ ಒಬ್ನೇ ನೋಡ್ತಾ ಕೂತಿದ್ದೆ. ಅಮ್ಮ ಹಿಂಗೆ ನಗೋದು ನಾನು ನೋಡೇ ಇರ್ಲಿಲ್ಲ ಕಣಮ್ಮ.”

“ಮತ್ತೆ ಈಗ ಫೋಟೋ ಎಲ್ಲಿ?”

“ನಡುಮನೆಯಲ್ಲಿ ಅಪ್ಪನ ಪಕ್ಕ ಹಾಕಿದೀನಿ,” ಅಂದರು. “ಅಪ್ಪ ಸ್ವಲ್ಪ ಗಾಬರಿ ಬಿದ್ದಂಗೆ ಕಾಣ್ತಿದಾರೆ.”