ಮುಂದಿನ ಗಾಜು

ಒಂದು ಊರಿತ್ತು. ಅದರ ಮುಂದೆ ಹರಿಯುವ ನದಿ ಬಲು ಅಗಲ. ಆಚೆ ದಡದಲ್ಲಿ ನಿಂತದ್ದು ಮನುಷ್ಯನೋ ಮರವೋ ಹೇಳುವುದು ಕಷ್ಟ. ನೀರಿನಡಿಯ ಮರಳದಿಬ್ಬಗಳು ದಿನಕ್ಕೊಂದು ಕಡೆ ಸರಿಯುತ್ತಿದ್ದವು. ಮೇಲಿನ ಕಣಿವೆಯಿಂದ ಹೇಳದೆ ಕೇಳದೆ ಪ್ರವಾಹ ಇಳಿಯುತ್ತಿತ್ತು. ಹಾಗಾಗಿ ದೋಣಿ ಕಟ್ಟುವ ಐದೂ ಕಡವುಗಳಿಗೆ ಕಾಣುವಂತೆ ಎತ್ತರದ ಕಟ್ಟೆಯ ಮೇಲೆ ದೊಡ್ಡದೊಂದು ಮರದ ಚೌಕಟ್ಟು ನಿಲ್ಲಿಸಿ, ಬಿಳಿ ಬಟ್ಟೆ ಬಿಗಿದಿದ್ದರು. ನದಿ, ದಿಬ್ಬ, ದೋಣಿ, ಪ್ರವಾಹದ ಎಚ್ಚರಿಕೆ ಎಲ್ಲವೂ ಆ ಒಂದೇ ಬಟ್ಟೆಯ ಮೇಲೆ. ಅಂಬಿಗರು ಅದನ್ನು ನೋಡಿಯೇ ದೋಣಿ ಬಿಚ್ಚುತ್ತಿದ್ದರು.

ಬಟ್ಟೆಯ ಮೇಲೆ ಚಿತ್ರ ಬರೆಯುವವನು ಕಾಳಾಚಾರಿ. ಬೆಟ್ಟದ ಮೇಲಿನ ಕಾವಲುಗಾರ ಬಾವುಟ ಬೀಸಿ ಹೇಳಿದ್ದನ್ನು ಓದಿ ಅವನಿಗೆ ತಿಳಿಸುವವಳು ನೀಲಗಂಗವ್ವ. ಕಾವಲುಗಾರನಿಗೆ ಬಣ್ಣದ ಮಾತು ಬಾರದು, ಚಿತ್ರಕಾರನಿಗೆ ಬಾವುಟದ ಮಾತು ಬಾರದು, ನಡುವೆ ಇವಳು. ಒಂದು ದೋಣಿ ಗೇಣು ಸರಿದರೂ ಕಾಳಾಚಾರಿ ಇಡೀ ಬಟ್ಟೆ ತೊಳೆದು ಮೊದಲಿನಿಂದ ಬರೆಯಬೇಕಿತ್ತು. ಒಂದು ಆಷಾಢದಲ್ಲಿ ಅವನು ಹೀಗೆ ಬರೆಯುತ್ತಿರುವಾಗಲೇ ನೀರು ಬಂತು. ಆಚೆ ದಡದ ಮರಗಳಿಗೆ ಹಸಿರು ಹಚ್ಚಿ ಮುಗಿಸಿ, ಎಚ್ಚರಿಕೆಯ ಕೆಂಪು ಗೆರೆ ಎಳೆಯುವ ಹೊತ್ತಿಗೆ ಅಂಬಿಗರ ದುರ್ಗಪ್ಪನ ತಮ್ಮ ದೋಣಿ ಸಮೇತ ಕೊಚ್ಚಿಹೋಗಿದ್ದ.

ಅಂದಿನಿಂದ ನೀಲಗಂಗವ್ವನಿಗೆ ಅನ್ನ ಸೇರಲಿಲ್ಲ. ಬಾವುಟ ಸರಿಯಾಗಿ ಓದಿದ್ದೆ, ಸರಿಯಾಗಿ ಹೇಳಿದ್ದೆ, ಆದರೂ ಅವನು ಹೋದ ಎಂಬ ಸಂಕಟ. ದಿನವೂ ಚೌಕಟ್ಟಿನ ಬಳಿ ಕೂತು, ಕೈ ಸುಮ್ಮನಿರಲಾರದೆ, ಅದಕ್ಕೆ ಮೆತ್ತಿದ್ದ ಹಳೆಯ ಬಣ್ಣವನ್ನು ಕೆರೆಯುತ್ತಿದ್ದಳು. ಬಣ್ಣದಡಿ ಒಂದು ತೋಡು ಕಾಣಿಸಿತು, ಹಲಗೆ ಜಾರಿಸಲು ಬಡಗಿ ಕೊರೆಯುವಂಥದ್ದು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಮತ್ತೊಂದು. ಚೌಕಟ್ಟು ಮಾಡಿದವನು ಮೂರು ಗಾಜುಗಳಿಗೆ ಜಾಗವಿಟ್ಟೇ ಮಾಡಿದ್ದ. ಯಾರೂ ಕೇಳಿರಲಿಲ್ಲ, ಅಷ್ಟೇ.

"ಹಿಂದಿನ ಗಾಜಿನ ಮೇಲೆ ನದಿ, ನಡುವಿನದರ ಮೇಲೆ ದೋಣಿ, ಮುಂದಿನದರ ಮೇಲೆ ಎಚ್ಚರಿಕೆ," ಎಂದು ಅವಳು ಕಾಳಾಚಾರಿಗೆ ವಿವರಿಸಿದಳು. "ದೋಣಿ ಸರಿದರೆ ದೋಣಿಯನ್ನಷ್ಟೇ ಒರೆಸಿದರೆ ಸಾಕು."

"ಹಾಗಾದರೆ ನನಗೇನು ಕೆಲಸ, ತಂಗಿ?"

"ನದಿ. ಇಷ್ಟು ವರ್ಷದಲ್ಲಿ ಒಂದು ಸಲವಾದರೂ ಅದನ್ನು ಮನಸ್ಸಿಟ್ಟು ಬರೆಯಲು ಪುರುಸೊತ್ತು ಸಿಕ್ಕಿತ್ತೇ, ಅಣ್ಣ?"

ಮರುದಿನ ಕಾಳಾಚಾರಿ ಹೊಸ ಕುಂಚ ಕಟ್ಟಿಕೊಂಡು ಬಂದ.

ಗಾಜು ಕೂರಿಸಿದ ಮೇಲೆ ಎಚ್ಚರಿಕೆ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಐದೂ ಕಡವು ತಲುಪತೊಡಗಿತು. ಆಮೇಲೆ ಬೇಡಿಕೆಗಳು ಬಂದವು. ಅಕ್ಕಸಾಲಿಗರಿಗೊಂದು ಗಾಜು ಬೇಕು, ಎಣ್ಣೆ ವರ್ತಕರಿಗೊಂದು ಬೇಕು. "ಇರುವುದು ಮೂರೇ ತೋಡು. ಉಳಿದವರು ಇದ್ದುದರಲ್ಲೇ ಹಂಚಿಕೊಳ್ಳಬೇಕು," ಎಂದಳು ನೀಲಗಂಗವ್ವ. ಕೆಲವರು ಮೂಲೆಯಲ್ಲಿ ಜಾಗ ಪಡೆದು ಹೋದರು. ಊರಿನ ಪ್ರಮುಖರೊಬ್ಬರು ಮಾತ್ರ ಒಪ್ಪಲಿಲ್ಲ. ಮುಂದಿನ ಗಾಜು ಊರಿಗೆ ಹಿರಿಯರಾದವರದು ಎಂದು ಸಭೆಯಲ್ಲಿ ಠರಾವು ಮಾಡಿಸಿ, ಅದರ ತುಂಬ ತಮ್ಮ ಮುಖ ಬರೆಸಿದರು. ಎಚ್ಚರಿಕೆಯನ್ನು ನಡುವಿನ ಗಾಜಿಗೆ ತಳ್ಳಲಾಯಿತು. ಚಿತ್ರ ಚೆನ್ನಾಗಿತ್ತು, ಮೀಸೆಯ ಒಂದೊಂದು ಕೂದಲೂ ಎಣಿಸಬಹುದಿತ್ತು.

ಎರಡನೆಯ ದಿನ ಪ್ರಮುಖರೇ ಆಚೆ ದಡದ ಊರಿಗೆ ಹೋಗಬೇಕಾಗಿ ಬಂತು. ಕಡವಿಗೆ ಬಂದರೆ ದೋಣಿಗಳೆಲ್ಲ ಕಟ್ಟಿದಂತೆಯೇ ಇವೆ.

"ಯಾಕೆ ಬಿಚ್ಚಿಲ್ಲ?" ಎಂದು ದುರ್ಗಪ್ಪನನ್ನು ಕೇಳಿದರು.

"ನದಿ ಕಾಣ್ತಿಲ್ಲ, ಧಣಿ. ತಾವು ಅಡ್ಡ ಇದ್ದೀರಿ."

ಪ್ರಮುಖರು ಸಿಟ್ಟಿನಿಂದ ಕಟ್ಟೆ ಹತ್ತಿದರು. ಅದೇ ಹೊತ್ತಿಗೆ ಬೆಟ್ಟದ ಮೇಲೆ ಬಾವುಟ ಎದ್ದಿತು. ನೀಲಗಂಗವ್ವ ಓಡಿಬಂದು ನಡುವಿನ ಗಾಜನ್ನು ಪಕ್ಕಕ್ಕೆಳೆದು, ಏನನ್ನೋ ಬರೆದು, ಒಳಗೆ ದೂಡಿದಳು. ಮುಂದಿನಿಂದ ಮೀಸೆಯ ಹೊರತು ಬೇರೇನೂ ಕಾಣಲಿಲ್ಲ. ದೂರದ ಐದನೆಯ ಕಡವಿನಲ್ಲಿ, ಕಾದು ಬೇಸತ್ತ ಜನರನ್ನು ತುಂಬಿಕೊಂಡು ಒಂದು ದೋಣಿ ಹೊರಟೇಬಿಟ್ಟಿತ್ತು.

"ಏನು ಬರೆದೆ?" ಎಂದರು ಪ್ರಮುಖರು.

"ಮುಂದಿನ ಗಾಜು ತಮ್ಮದು," ಎಂದು ಅವಳು ಒದ್ದೆ ಬಟ್ಟೆ ಚಾಚಿದಳು.

ಅವರು ಆ ದೋಣಿಯನ್ನು ನೋಡಿದರು. ಬಟ್ಟೆ ತೆಗೆದುಕೊಂಡು ತಮ್ಮ ಹಣೆಯನ್ನು ಒರೆಸಿದರು. ಹಿಂದಿನಿಂದ ಕೆಂಪು ಗೆರೆ ಇಣುಕಿತು. ಆಮೇಲೆ ಅವರು ನಿಲ್ಲಲಿಲ್ಲ. ಕಣ್ಣು, ಕೆನ್ನೆ, ಮೀಸೆ ಎಲ್ಲವನ್ನೂ ಎರಡೂ ಕೈಯಿಂದ ಉಜ್ಜಿದರು. ದೋಣಿ ನಡುನೀರಿನಲ್ಲಿ ನಿಂತಿತು, ತಿರುಗಿತು. ಅದು ದಡ ಮುಟ್ಟಿ ಕೊನೆಯ ಮುದುಕಿ ಇಳಿಯುತ್ತಿದ್ದಂತೆ ಕಣಿವೆಯ ನೀರು ಬಂತು, ಕಟ್ಟೆಯ ಬುಡದವರೆಗೂ ಏರಿತು. ಯಾರನ್ನೂ ಒಯ್ಯಲಿಲ್ಲ.

ಸಭೆಯ ಠರಾವನ್ನು ಯಾರೂ ರದ್ದು ಮಾಡಲಿಲ್ಲ. ಪ್ರಮುಖರೂ ಅದರ ಮಾತೆತ್ತಲಿಲ್ಲ. ಎಚ್ಚರಿಕೆ ಮತ್ತೆ ಮುಂದಿನ ಗಾಜಿಗೆ ಬಂತು. ಎಚ್ಚರಿಕೆ ಇಲ್ಲದ ದಿನಗಳಲ್ಲಿ ಆ ಗಾಜು ಪೂರಾ ಖಾಲಿ. ಬೆಳಗಾದರೆ ಪ್ರಮುಖರು ಕಟ್ಟೆ ಹತ್ತಿ, ರಾತ್ರಿಯ ಇಬ್ಬನಿಯನ್ನೂ ಕಾಗೆ ಗಲೀಜನ್ನೂ ಒರೆಸಿ, ಒಮ್ಮೆ ಓರೆಯಾಗಿ ನಿಂತು ನೋಡಿ, ಎಲ್ಲಾದರೂ ಕಲೆ ಉಳಿದಿದ್ದರೆ ಮತ್ತೆ ಉಜ್ಜುತ್ತಾರೆ. ಆ ಗಾಜಿನ ಹಿಂದೆ ಕಾಳಾಚಾರಿಯ ನದಿ ದಿನದಿನಕ್ಕೂ ಚೆಲುವಾಗುತ್ತಿದೆ ಎಂದು ಜನ ಹೇಳುತ್ತಾರೆ.

ಮೊನ್ನೆ ಪರವೂರಿನವಳೊಬ್ಬಳು ಮಗುವನ್ನು ಎತ್ತಿಕೊಂಡು ಬಂದು, ಗಾಜು ಒರೆಸುತ್ತಿದ್ದ ಪ್ರಮುಖರನ್ನು ಕೂಲಿಯಾಳೆಂದು ತಿಳಿದು, "ಅಜ್ಜಾ, ಈ ಊರಿನ ಹಿರಿಯರು ಎಲ್ಲಿ ಸಿಗ್ತಾರೆ? ನದಿ ದಾಟಬಹುದೋ ಇಲ್ಲವೋ ಕೇಳಬೇಕಿತ್ತು," ಎಂದಳು.

"ಅವರನ್ನು ಕೇಳುವುದೇನೂ ಬೇಡಮ್ಮ," ಎಂದು ಪ್ರಮುಖರು ಪಕ್ಕಕ್ಕೆ ಸರಿದು ನಿಂತರು. "ಇಲ್ಲಿಂದ ನೋಡು, ಎಲ್ಲ ಕಾಣುತ್ತದೆ."