ಬಾಗಿಲು ತೆಗೆದವರು ಯಾರು

ಔಷಧಿ ಅಂಗಡಿ ನಡೆಸುವವರಿಗೆ ಜನರ ದೂರು ಕೇಳಿ ಕೇಳಿ ಕಿವಿ ಗಟ್ಟಿಯಾಗಿರುತ್ತದೆ. ಮಾತ್ರೆ ಕಹಿ, ಸಿರಪ್ಪಿನ ಮುಚ್ಚಳ ಬಿಗಿ, ಡಾಕ್ಟರ ಅಕ್ಷರ ಕಾಗೆ ಕಾಲು, ಎಲ್ಲದಕ್ಕೂ ಬೈಸಿಕೊಳ್ಳುವುದು ಕೌಂಟರಿನ ಹಿಂದೆ ನಿಂತವರೇ. ಬೀದಿಯವರೆಲ್ಲ ಅಂಗಡಿಯಕ್ಕ ಎಂದು ಕರೆಯುತ್ತಿದ್ದ ಆಕೆ ಹಾಗೆ ಬೈಸಿಕೊಂಡೂ ನಗುತ್ತ ಗಿರಾಕಿಯನ್ನು ಸಮಾಧಾನ ಮಾಡಿ ಕಳಿಸುವುದರಲ್ಲಿ ಎತ್ತಿದ ಕೈ. ಆದರೂ ಆ ಭಾನುವಾರ ಗ್ರಂಥಾಲಯದ ಕೆಳಗಿನ ಹಜಾರಕ್ಕೆ ಹೊರಟಾಗ ಹೇಳಬೇಕಾದ ಉತ್ತರಗಳನ್ನು ದಾರಿಯುದ್ದಕ್ಕೂ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದಳು.

ಕಣ್ಣು ಕಾಣದವರಿಗಾಗಿ ಪುಸ್ತಕ ಓದಿ ಧ್ವನಿಮುದ್ರಿಸಿ ಕೊಡುವ ಸ್ವಯಂಸೇವಕರ ಬಳಗವೊಂದಕ್ಕೆ ಆಕೆ ಸಂಚಾಲಕಿ. ಗ್ರಂಥಾಲಯದ ಹಿಂದಿನ ಹಳೆಯ ಉಗ್ರಾಣಕ್ಕೆ ಹೊರಗಿನ ಸದ್ದು ಬಾರದಂತೆ ಗೋಡೆ ತುಂಬ ಹಾಸಿಗೆ ಹೊಡೆದು, ಮಧ್ಯೆ ಗಾಜು ಕೂರಿಸಿ, ಓದುವ ಕೋಣೆ ಮಾಡಿಕೊಂಡಿದ್ದರು. ಸುತ್ತಲಿನ ಊರುಗಳಲ್ಲೂ ಇಂಥ ಬಳಗಗಳಿದ್ದವು. ಎಲ್ಲರನ್ನೂ ಕರೆಸಿ ಒಂದು ಸಮ್ಮೇಳನ ಮಾಡೋಣ ಎಂದು ಅಧ್ಯಕ್ಷರು ಹೊರಟಿದ್ದರು. ಅಧ್ಯಕ್ಷರು ನಿವೃತ್ತ ಅಧಿಕಾರಿ. ಒಳ್ಳೆಯ ಮನುಷ್ಯ, ಆದರೆ ವೇದಿಕೆ ಕಂಡರೆ ಕಾಲು ತಾನಾಗಿ ಅತ್ತ ಎಳೆಯುತ್ತಿತ್ತು. ಸಮ್ಮೇಳನದ ಸುದ್ದಿ ಹೊರಬಿದ್ದದ್ದೇ ತಡ, ಈ ಧ್ವನಿಮುದ್ರಿತ ಪುಸ್ತಕಗಳ ಕೇಳುಗರಲ್ಲಿ ಗುಸುಗುಸು ಶುರುವಾಯಿತು. ನಮ್ಮ ಹೆಸರಿನಲ್ಲಿ ನಡೆಯುವ ಸಮ್ಮೇಳನಕ್ಕೆ ನಮಗೇ ಕರೆಯಿಲ್ಲವೇ? ಸಭಾಂಗಣ ಮಹಡಿಯ ಮೇಲೇಕೆ? ಓದುವವರ ಕಣ್ಣಿಗೆ ಬಟ್ಟೆ ಕಟ್ಟಿ ನಡೆಸುವ ಆಟ ಇದೆಯಂತೆ, ಅದು ಯಾರ ತಲೆಗೆ ಹೊಳೆದದ್ದು? ಗುಸುಗುಸು ಜೋರಾದಾಗ, ಎಲ್ಲರನ್ನೂ ಕೂರಿಸಿ ಉತ್ತರ ಕೊಟ್ಟುಬಿಡೋಣ ಎಂದು ಅಂಗಡಿಯಕ್ಕನೇ ಈ ಸಭೆ ಕರೆದಿದ್ದಳು.

ಕೇಳುಗರಲ್ಲಿ ಆಕೆಯ ಭಾವನೂ ಒಬ್ಬರು. ಅಕ್ಕನ ಗಂಡ, ಒಂದೇ ಮನೆಯ ಕೆಳಗಿನ ಭಾಗದಲ್ಲಿ ವಾಸ. ರೈಲು ಇಂಜಿನ್ ಓಡಿಸುತ್ತಿದ್ದವರು. ಐವತ್ತು ದಾಟಿದ ಮೇಲೆ ಕಣ್ಣು ಮೆಲ್ಲಮೆಲ್ಲಗೆ ಮಂಜಾಗಿ ಕೊನೆಗೆ ಪೂರ್ತಿ ಹೋಯಿತು. ಬೆಳಿಗ್ಗೆ ಚಹಾ ಕೊಡುತ್ತ ಆಕೆ ಕೇಳಿದ್ದಳು.

"ಭಾವ, ಸಭೆಗೆ ನನ್ನ ಜೊತೆಗೇ ಬರ್ತೀರಲ್ಲ?"

"ಬರ್ತೀನಿ ಕಣಮ್ಮ. ನಿನ್ನ ಜೊತೆ ಅಲ್ಲ, ನಮ್ಮವರ ಜೊತೆ."

"ಏನಾದ್ರೂ ಕೇಳೋದಿದ್ರೆ ಈಗಲೇ ಕೇಳಿಬಿಡಿ."

"ಚಹಾಕ್ಕೆ ಸಕ್ಕರೆ ಕಮ್ಮಿ" ಎಂದರು ಭಾವ. ಅದಕ್ಕಿಂತ ಹೆಚ್ಚು ಬಾಯಿ ಬಿಡಲಿಲ್ಲ.

ಸಭೆ ಶುರುವಾದಾಗ ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಅಧ್ಯಕ್ಷರ ಸ್ವಾಗತ ಭಾಷಣ ಉದ್ದವಾಗುವ ಸೂಚನೆ ಕಂಡಾಗ ಆಕೆ ಮೈಕನ್ನು ಮೆಲ್ಲಗೆ ತನ್ನತ್ತ ಎಳೆದುಕೊಂಡಳು. ಕೇಳುಗರನ್ನು ಕರೆಯದೆ ಇದ್ದದ್ದು ತಪ್ಪು, ಈಗಲೇ ಕರೆಯುತ್ತಿದ್ದೇವೆ ಎಂದಳು. ಸಮ್ಮೇಳನ ಮಹಡಿಯ ಮೇಲಲ್ಲ, ಈ ಕೆಳಗಿನ ಹಜಾರದಲ್ಲೇ ನಡೆಯುತ್ತದೆ ಎಂದಳು. ಕಣ್ಣಿಗೆ ಬಟ್ಟೆ ಕಟ್ಟುವ ಆಟದ ಮಾತು ಬಂದಾಗ ಆಸ್ಪತ್ರೆಯ ಟೆಲಿಫೋನಿನಾಕೆ ಎದ್ದು ನಿಂತಳು. ಆಸ್ಪತ್ರೆಯ ಫೋನುಗಳನ್ನೆಲ್ಲ ಜೋಡಿಸಿ ಕೊಡುವವಳು ಅವಳು. ಹುಟ್ಟಿನಿಂದ ಕುರುಡಿ, ಮಾತು ಮಾತ್ರ ಚಾಕುವಿನಷ್ಟು ಹರಿತ.

"ಅಕ್ಕ, ಐದು ನಿಮಿಷ ಬಟ್ಟೆ ಕಟ್ಕೊಂಡು ಕುರ್ಚಿಗೆ ಡಿಕ್ಕಿ ಹೊಡೆದು 'ಅಯ್ಯೋ ಪಾಪ' ಅನ್ನೋರು ನಮಗೆ ಬೇಡ. ಆ ಹೊತ್ತಲ್ಲಿ ಉಚ್ಚಾರಣೆ ಕಲಿಸಿ. ನಿಮ್ಮಲ್ಲೊಬ್ಬರು ಪ್ರತಿ ವಾಕ್ಯಕ್ಕೂ ಸೊರ್ ಅಂತ ಮೂಗು ಎಳೀತಾರೆ."

ಹಜಾರವೆಲ್ಲ ನಕ್ಕಿತು. ಮೂಗು ಎಳೆಯುವವರು ಯಾರೆಂದು ಅಂಗಡಿಯಕ್ಕನಿಗೆ ಗೊತ್ತಿತ್ತು. ಅವರು ಪಕ್ಕದಲ್ಲೇ ಅಧ್ಯಕ್ಷರ ಕುರ್ಚಿಯಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು.

ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಎಲ್ಲ ಸಲೀಸಾಗಿ ಮುಗಿಯುತ್ತಿದೆ ಎನ್ನುವಾಗ ಅಧ್ಯಕ್ಷರು ಕೊನೆಯ ವಿಷಯ ಎತ್ತಿದರು. ಸಮ್ಮೇಳನದಲ್ಲಿ ಮೇಷ್ಟ್ರಿಗೆ ಸನ್ಮಾನ. ಮೇಷ್ಟ್ರು ಬಳಗದ ಹಿರಿಯ ಓದುಗರು. ಅವರ ಧ್ವನಿ ಕೇಳಲೆಂದೇ ಪುಸ್ತಕಕ್ಕೆ ಸರದಿ ಕಾಯುವವರಿದ್ದರು. ಮೊದಲ ಸಾಲಿನಲ್ಲಿ ಕೂತಿದ್ದ ಅವರು ಸಂಕೋಚದಿಂದ ತಲೆ ತಗ್ಗಿಸಿದರು. ಚಪ್ಪಾಳೆ ನಿಂತಮೇಲೆ ಭಾವ ಎದ್ದರು.

"ಒಂದು ಪ್ರಶ್ನೆ. ಅಕ್ಕ ಒಬ್ಬಳು ಕಳೆದುಹೋದ ತಮ್ಮನನ್ನು ಹುಡುಕಿಕೊಂಡು ಊರೂರು ಅಲೆಯೋ ಕಾದಂಬರಿ ಮೇಷ್ಟ್ರು ಓದಿದಾರೆ. ಕೊನೇಲಿ ಅವಳು ಒಂದು ಮನೆಯ ಬಾಗಿಲು ತಟ್ಟುತಾಳೆ. ಬಾಗಿಲು ತೆಗೆಯೋರು ಯಾರು?"

"ತಮ್ಮ" ಎಂದಳು ಟೆಲಿಫೋನಿನಾಕೆ ತಟ್ಟನೆ. "ಅವನೇ ತೆಗೀತಾನೆ. ನಾನು ಎಷ್ಟು ಸಲ ಕೇಳಿದೀನಿ."

"ಕಣ್ಣಿದ್ದ ಕಾಲದಲ್ಲಿ ನಾನು ಅದನ್ನ ಓದಿದ್ದೆನಮ್ಮ. ಬಾಗಿಲು ತೆಗೆಯೋನು ಯಾರೋ ಅಪರಿಚಿತ. ತಮ್ಮ ಸತ್ತು ಹೋಗಿರ್ತಾನೆ. ಆ ಅಪರಿಚಿತ ತಮ್ಮನ ಕೋಟು ತಂದು ಅವಳ ಕೈಗೆ ಕೊಡ್ತಾನೆ. ನನ್ನ ನೆನಪೇ ತಪ್ಪಿರಬೇಕು ಅಂದ್ಕೊಂಡು ಹೆಂಡತಿ ಹತ್ರ ಪುಸ್ತಕ ತರಿಸಿ ಓದಿಸಿದೆ. ನೆನಪು ತಪ್ಪಿರಲಿಲ್ಲ."

ಅಂಗಡಿಯಕ್ಕ ಮೇಷ್ಟ್ರ ಮುಖ ನೋಡಿದಳು. ಅವರು ಇಲ್ಲವೆನ್ನಲಿಲ್ಲ. ಮುಖ ಬಿಳಚಿಕೊಂಡಿತ್ತು. ಭಾವ ಹೇಳಿದ್ದು ನಿಜವೆಂದು ಆಕೆಗೆ ತಿಳಿಯಿತು. ಅದರ ಬೆನ್ನಿಗೇ ಭಾವನ ಮೇಲೆ ಸಿಟ್ಟು ಉಕ್ಕಿತು. ಒಂದೇ ಸೂರಿನಡಿ ಇದ್ದುಕೊಂಡು, ಹತ್ತು ಜನರ ಮುಂದೆ ಹೀಗೆ ನಿಲ್ಲಿಸುವುದೇ?

"ಚಹಾ ವಿರಾಮ" ಎಂದರು ಅಧ್ಯಕ್ಷರು. ಚಹಾ ಇನ್ನೂ ಬಂದಿರಲಿಲ್ಲ.

ಹಿಂದಿನ ಓದುವ ಕೋಣೆಗೆ ಅಂಗಡಿಯಕ್ಕ, ಅಧ್ಯಕ್ಷರು, ಮೇಷ್ಟ್ರು ಮೂವರೂ ಹೋದರು. ಮೇಷ್ಟ್ರು ಮೈಕಿನ ಮುಂದಿನ ತಮ್ಮ ಹಳೆಯ ಕುರ್ಚಿಯಲ್ಲಿ ಕುಸಿದು ಕೂತರು.

"ಅದೊಂದೇ ಪುಸ್ತಕನಾ ಮೇಷ್ಟ್ರೇ?" ಎಂದು ಆಕೆ ಕೇಳಿದಳು.

"ಅಲ್ಲಮ್ಮ." ಮೇಷ್ಟ್ರು ಮೈಕನ್ನು ಪಕ್ಕಕ್ಕೆ ಸರಿಸಿದರು. "ಶುರುವಿನಲ್ಲಿ ಒಬ್ಬ ಅಜ್ಜಿ ಇದ್ದಳು. ಒಂಟಿ. ದುಃಖದ ಕತೆ ಕೇಳಿ ಊಟ ಬಿಟ್ಟು ಮಲಗಿಬಿಟ್ಟಳಂತೆ. ವಿಷಯ ತಿಳಿದು ಜೀವ ಬಾಯಿಗೆ ಬಂದಹಾಗಾಯ್ತು. ಮುಂದಿನ ಪುಸ್ತಕದಲ್ಲಿ ಎರಡು ವಾಕ್ಯ ಬದಲಿಸಿದೆ. ಅವಳಿಗೆ ಎಷ್ಟು ಖುಷಿಯಾಯ್ತು ಅಂತೀಯ. ಆಮೇಲೆ ಅಂಥ ಕೊನೆ ಬಂದಾಗಲೆಲ್ಲ ನಾಲಿಗೆ ತಾನಾಗೇ ಬೇರೆ ದಾರಿ ಹಿಡೀತಿತ್ತು. ಅವರ ಬಾಳಲ್ಲಿ ಇರೋ ಕತ್ತಲು ಸಾಲದಾ, ನಾನು ಬೇರೆ ತುಂಬಬೇಕಾ ಅನ್ನಿಸ್ತಿತ್ತು."

"ಮೇಷ್ಟ್ರೇ."

ಬಾಗಿಲಲ್ಲಿ ಟೆಲಿಫೋನಿನಾಕೆ ನಿಂತಿದ್ದಳು. ಗೋಡೆ ಹಿಡಿದು ಯಾವಾಗ ಬಂದಿದ್ದಳೋ ಯಾರೂ ಗಮನಿಸಿರಲಿಲ್ಲ.

"ನಾನು ಹುಟ್ಟಿದಾಗಿಂದ ಹೀಗೇ ಇದೀನಿ. ಕತ್ತಲು ಅಂದ್ರೆ ಹೇಗಿರುತ್ತೆ ಅಂತ ನನಗೆ ಗೊತ್ತಿಲ್ಲ. ಅವಮಾನ ಅಂದ್ರೆ ಗೊತ್ತು. ಕೆಲಸದಲ್ಲಿ ಒಬ್ಬಳು ನರ್ಸಿನ ಜೊತೆ ಇದೇ ಕತೆ ಬಗ್ಗೆ ವಾದ ಮಾಡಿದ್ದೆ. 'ನೀನು ಸರಿಯಾಗಿ ಕೇಳಿಸ್ಕೊಂಡಿಲ್ಲ ಬಿಡು' ಅಂತ ನಕ್ಕಳು. ಕೇಳಿಸ್ಕೊಳ್ಳೋದೊಂದೇ ನನಗೆ ಚೆನ್ನಾಗಿ ಬರೋದು. ಈಗ ಹೇಳಿ, ನಾನು ಓದಿದೀನಿ ಅಂದ್ಕೊಂಡಿರೋ ಪುಸ್ತಕಗಳಲ್ಲಿ ನಿಜವಾಗಿ ಓದಿರೋದು ಎಷ್ಟು?"

ಅವಳ ಧ್ವನಿ ಏರಲಿಲ್ಲ. ಅದಕ್ಕೇ ಕೇಳುವುದು ಕಷ್ಟವಾಗಿತ್ತು. ಅವಳು ಉತ್ತರಕ್ಕೆ ಕಾಯದೆ ಗೋಡೆ ಹಿಡಿದು ವಾಪಸು ಹೋದಳು.

ಅಧ್ಯಕ್ಷರು ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು. "ಹೀಗೆ ಮಾಡೋಣ. ಧ್ವನಿಮುದ್ರಣದಲ್ಲಿ ತಾಂತ್ರಿಕ ದೋಷ ಆಗಿದೆ, ಪರಿಶೀಲಿಸ್ತೀವಿ ಅಂತ ಹೇಳಿಬಿಡೋಣ. ಬೇರೆ ಊರಿನವರ ಕಿವಿಗೆ ಬಿದ್ರೆ ಬಳಗದ ಮಾನ ಹೋಗುತ್ತೆ. ಮೇಷ್ಟ್ರ ವಯಸ್ಸಾದ್ರೂ ನೋಡಬೇಕಲ್ಲ."

ಅಂಗಡಿಯಕ್ಕನಿಗೂ ಮೇಷ್ಟ್ರ ವಯಸ್ಸು ಕಾಣುತ್ತಿತ್ತು. ಬಾಗಿದ ಬೆನ್ನು, ಮೈಕಿನ ತಂತಿಯ ಮೇಲೆ ಸುಮ್ಮನೆ ಆಡುತ್ತಿದ್ದ ಬೆರಳು. ತನಗೆ ಪುಸ್ತಕ ಓದುವ ಹುಚ್ಚು ಹಿಡಿಸಿದ್ದೂ, ಈ ಬಳಗಕ್ಕೆ ಎಳೆದು ತಂದದ್ದೂ ಇವರೇ. ಒಂದು ಕ್ಷಣ ಆಕೆಗೂ ತೇಪೆ ಹಾಕಿ ಮುಗಿಸಿಬಿಡೋಣ ಅನ್ನಿಸಿತು. ಆದರೆ ತಾಂತ್ರಿಕ ದೋಷ ಎಂದರೆ ಅದು ಇನ್ನೊಂದು ಬದಲಾಯಿಸಿದ ಕೊನೆಯೇ ಆಗುತ್ತಿತ್ತು. ಅದನ್ನು ಓದಿ ಹೇಳುವವಳು ಈ ಸಲ ತಾನಾಗುತ್ತಿದ್ದಳು.

"ಮೇಷ್ಟ್ರೇ, ನಾನು ಹೋಗಿ ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ನೀವು ಮನೆಗೆ ಹೋಗ್ಬೇಕು ಅಂದ್ರೆ ಹಿಂದಿನ ಬಾಗಿಲಿದೆ."

ಮೇಷ್ಟ್ರು ತಲೆಯಾಡಿಸಿದರು. "ನಾನೂ ನಿನ್ನ ಜೊತೆ ಬರ್ತೀನಿ. ಹೇಳು."

ಆಕೆ ಮೈಕಿನ ಮುಂದೆ ನಿಂತು ಹೇಳಿದಳು. ಕೊನೆಗಳನ್ನು ಬದಲಿಸಿದ್ದು ನಿಜ, ಅದೂ ಒಂದೇ ಪುಸ್ತಕದಲ್ಲಲ್ಲ. ಮಾಡಿದ್ದು ಕನಿಕರದಿಂದ, ಕನಿಕರ ಎಂದಮಾತ್ರಕ್ಕೆ ಸರಿಯಾಗುವುದಿಲ್ಲ. "ನನ್ನ ಅಂಗಡಿಗೆ ಬಂದವರ ಮುಖ ನೋಡಿ, ಪಾಪ, ಕಹಿ ಯಾಕೆ ಅಂತ ಡಾಕ್ಟರು ಬರೆದ ಮಾತ್ರೆ ಬಿಟ್ಟು ಪೆಪ್ಪರಮಿಂಟು ಕೊಟ್ಟು ಕಳಿಸಿದ್ರೆ ನೀವು ನನ್ನನ್ನ ಸುಮ್ಮನೆ ಬಿಡ್ತೀರಾ? ಮೇಷ್ಟ್ರನ್ನ ಒಬ್ಬರನ್ನೇ ದೂರಬೇಡಿ. ಓದಿದ್ದನ್ನ ಪುಸ್ತಕದ ಜೊತೆ ಹೋಲಿಸಿ ನೋಡೋ ಕೆಲಸ ನಮ್ಮ ಸಮಿತಿದು. ನಾವು ಅವರ ಧ್ವನಿ ಕೇಳಿ ಮೈಮರೆತು ಕೂತ್ವಿ. ಅವರು ಓದಿರೋದನ್ನೆಲ್ಲ ಪುಸ್ತಕ ಮುಂದಿಟ್ಕೊಂಡು ಕೇಳ್ತೀವಿ. ತಪ್ಪಿರೋದನ್ನ ಮತ್ತೆ ಓದಿಸ್ತೀವಿ. ಸನ್ಮಾನದ ವಿಷಯ ನೀವೇ ಹೇಳಿ."

ಯಾರೋ ಹಿಂದಿನಿಂದ "ಇಂಥವರಿಗೆ ಸನ್ಮಾನ ಬೇರೆ ಕೇಡು" ಎಂದರು. ಇನ್ನೊಬ್ಬರು "ಅವರಿಲ್ಲದಿದ್ರೆ ನಿಂಗೆ ಓದಿ ಹೇಳೋಕೆ ಯಾರಿದ್ರು?" ಎಂದು ತಿರುಗಿಬಿದ್ದರು. ಮಾತಿಗೆ ಮಾತು ಬೆಳೆಯಿತು. ಭಾವ ಕೋಲನ್ನು ನೆಲಕ್ಕೆ ಕುಟ್ಟಿದರು.

"ಜಗಳ ಆಡೋಕೆ ನಾನು ಕೇಳಲಿಲ್ಲ. ಇವರ ಧ್ವನಿ ಇಲ್ಲದಿದ್ರೆ, ಕಣ್ಣು ಹೋದ ಮೊದಲ ವರ್ಷ ನಾನು ಬದುಕ್ತಿರಲಿಲ್ಲ. ಸನ್ಮಾನ ಮಾಡಿ, ಬಿಡಿ, ಅದು ನಿಮ್ಮಿಷ್ಟ. ನಮ್ಮನ್ನ ಮಕ್ಕಳ ಥರ ನೋಡಬೇಡಿ, ಅಷ್ಟೇ."

ಆಗ ಟೆಲಿಫೋನಿನಾಕೆ ಕೂತಲ್ಲಿಂದಲೇ ಹೇಳಿದಳು. "ಪುಸ್ತಕ ಇಲ್ಲೇ ಗ್ರಂಥಾಲಯದಲ್ಲಿ ಇರುತ್ತಲ್ಲ. ಈಗಲೇ ಓದಲಿ. ಅವರೇ ಓದಲಿ."

ಅಂಗಡಿಯಕ್ಕನೇ ಹೋಗಿ ಪುಸ್ತಕ ಹುಡುಕಿ ತಂದಳು. ಮೇಷ್ಟ್ರು ಕನ್ನಡಕ ಸರಿ ಮಾಡಿಕೊಂಡು ಕೊನೆಯ ಅಧ್ಯಾಯ ತೆರೆದರು. ಮೊದಲ ಪುಟದಲ್ಲಿ ಎರಡು ಕಡೆ ತಡವರಿಸಿದರು. ಆಮೇಲೆ ಧ್ವನಿ ಹಳೆಯ ಹದಕ್ಕೆ ಬಂತು. ಕತೆಯ ಅಕ್ಕ ಮೆಟ್ಟಿಲು ಹತ್ತಿದಳು, ಬಾಗಿಲು ತಟ್ಟಿದಳು. ಅಲ್ಲಿ ಮೇಷ್ಟ್ರು ಓದು ನಿಲ್ಲಿಸಿಬಿಟ್ಟರು. ಇಡೀ ಹಜಾರ ಮೈಯೆಲ್ಲ ಕಿವಿಯಾಗಿ ಕೂತಿತ್ತು.

"ಓದಿ" ಎಂದಳು ಟೆಲಿಫೋನಿನಾಕೆ, ಈ ಸಲ ಮೆತ್ತಗೆ.

ಅವರು ಓದಿದರು. ಬಾಗಿಲು ತೆಗೆದ ಅಪರಿಚಿತ ಮಾತಾಡಲಿಲ್ಲ, ಒಳಗೆ ಹೋಗಿ ಕೋಟು ತಂದ. ಅದರ ತೋಳು ಇನ್ನೂ ಮೊಣಕೈಯ ಹತ್ತಿರ ಬಾಗಿಕೊಂಡೇ ಇತ್ತು, ಹಾಕಿಕೊಂಡವನು ಈಗಷ್ಟೇ ಕಳಚಿಟ್ಟು ಹೋದ ಹಾಗೆ. ಅಕ್ಕ ಆ ಬಾಗಿದ ಜಾಗವನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ಅಲ್ಲಿಗೆ ಕಾದಂಬರಿ ಮುಗಿದಿತ್ತು.

ಟೆಲಿಫೋನಿನಾಕೆಯ ಕೆನ್ನೆ ಒದ್ದೆಯಾಗಿತ್ತು. ಒರೆಸಿಕೊಳ್ಳಲೂ ಇಲ್ಲ. "ಕೋಟಿನ ತೋಳಿನ ವಾಕ್ಯ ಇನ್ನೊಂದು ಸಲ ಓದ್ತೀರಾ?" ಎಂದಳು. ಮೇಷ್ಟ್ರು ಓದಿದರು. "ಇಷ್ಟು ಒಳ್ಳೇ ವಾಕ್ಯ ನನ್ನಿಂದ ಮುಚ್ಚಿಟ್ರಲ್ಲ" ಎಂದಳು. ಬೈದದ್ದು ಅಷ್ಟೇ.

"ತಪ್ಪಾಯ್ತು ತಾಯಿ" ಎಂದರು ಮೇಷ್ಟ್ರು.

ಮನೆಗೆ ಹೋಗುವಾಗ ಅಂಗಡಿಯಕ್ಕ ಸಿಟ್ಟಿನಲ್ಲೇ ಭಾವನಿಗೆ ತೋಳು ಕೊಟ್ಟಳು. ತಿರುವು ದಾಟಿದ ಮೇಲೆ ಭಾವನೇ ಕೆಮ್ಮಿ ಶುರು ಮಾಡಿದರು.

"ಮನೇಲೇ ಹೇಳಿದ್ರೆ ನೀನೇನು ಮಾಡ್ತಿದ್ದೆ?"

"ಮೇಷ್ಟ್ರ ಹತ್ರ ಒಬ್ಬಳೇ ಹೋಗಿ ಕೇಳ್ತಿದ್ದೆ."

"ಆಮೇಲೆ?"

ಆಕೆ ಯೋಚಿಸಿದಳು. ಆಮೇಲೆ ಅವರ ಮುಖ ನೋಡಿ ಕರಗುತ್ತಿದ್ದಳು. ಮುಂದೆ ಹೀಗೆ ಮಾಡಬೇಡಿ ಎಂದು ಹೇಳಿ, ಹಳೆಯದನ್ನು ಯಾರಿಗೂ ತಿಳಿಯದ ಹಾಗೆ ಬಿಟ್ಟುಬಿಡುತ್ತಿದ್ದಳು. "ಆದ್ರೂ ಒಂದು ಮಾತು ಹೇಳಬೇಕಿತ್ತು ಭಾವ" ಎಂದಳು.

"ಹೇಳಬೇಕಿತ್ತು" ಎಂದು ಭಾವ ಒಪ್ಪಿಕೊಂಡರು. "ನಿನ್ನ ಅಕ್ಕನೂ ಬೆಳಿಗ್ಗೆಯಿಂದ ಅದನ್ನೇ ಅಂತಿದಾಳೆ."

ಸಮ್ಮೇಳನ ಕೆಳಗಿನ ಹಜಾರದಲ್ಲೇ ನಡೆಯಿತು. ಬಂದವರಲ್ಲಿ ಕೇಳುಗರೂ ಓದುಗರೂ ಬೆರೆತು ಕೂತಿದ್ದರು. ಸನ್ಮಾನ ಬೇಡವೆಂದು ಮೇಷ್ಟ್ರೇ ಹೇಳಿ ಕಳಿಸಿದ್ದರು. ಕೆಲವು ವಾರ ಓದುವ ಕೋಣೆಯತ್ತ ತಲೆಯನ್ನೂ ಹಾಕಿರಲಿಲ್ಲ; ಕೇಳುಗರಲ್ಲಿ ಕೆಲವರಿಗೆ ಅವರ ಮೇಲಿನ ಸಿಟ್ಟು ಇಳಿದಿರಲಿಲ್ಲ, ಇಳಿಯಬೇಕೆಂದು ಅಂಗಡಿಯಕ್ಕ ಯಾರನ್ನೂ ಒತ್ತಾಯಿಸಲಿಲ್ಲ. ಆದರೆ ಆ ದಿನ ಮೇಷ್ಟ್ರು ಬಂದು ಹಿಂದಿನ ಸಾಲಿನಲ್ಲಿ ಕೂತರು. ಹೊಸ ಓದುಗರಿಗೆ ಹೇಳಿಕೊಡುವ ಸಮಯದಲ್ಲಿ ಟೆಲಿಫೋನಿನಾಕೆ ವೇದಿಕೆಯಲ್ಲಿದ್ದಳು. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಚಿತ್ರ ಬಂದಾಗ ಹೇಗೆ ವಿವರಿಸಬೇಕು ಎಂದೆಲ್ಲ ಹೇಳುತ್ತಿದ್ದವಳು ನಡುವೆ ನಿಲ್ಲಿಸಿ ಕೇಳಿದಳು.

"ದುಃಖದ ಜಾಗ ಹೇಗೆ ಓದೋದು ಅಂತ ನನಗಿಂತ ಚೆನ್ನಾಗಿ ಹೇಳೋರು ಒಬ್ಬರಿದಾರೆ. ಮೇಷ್ಟ್ರೇ, ಬಂದಿದೀರಾ?"

ಅಂಗಡಿಯಕ್ಕ ತಿರುಗಿ ನೋಡಿದಳು. ಮೇಷ್ಟ್ರು ಆಗಲೇ ಎದ್ದು, ಕುರ್ಚಿಗಳ ನಡುವಿನ ಕಿರಿದಾದ ಜಾಗದಲ್ಲಿ ಯಾರ ಕಾಲನ್ನೂ ತುಳಿಯದಂತೆ ಎಚ್ಚರದಿಂದ ವೇದಿಕೆಯತ್ತ ನಡೆದು ಬರುತ್ತಿದ್ದರು.